ವೈರ್ ಮೌಸೋ, ವೈರ್‌ಲೆಸ್ಸೋ? 2,800 ಕೊಟ್ಟು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ. ನನ್ನ ವೋಟು ವೈರ್ ಇರುವ ಮೌಸಿಗೆ, ಅದರ ಕೆಳಗೊಂದು ದೊಡ್ಡ ಬಟ್ಟೆ ಪ್ಯಾಡಿಗೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡೂ ಸೇರಿ 1,900 ರೂಪಾಯಿ ಆಯಿತು. ಆದರೆ ಅದಕ್ಕೂ ಮುಂಚೆ ಆನ್‌ಲೈನಿನಲ್ಲಿ 2,800 ಕೊಟ್ಟು ವೈರ್‌ಲೆಸ್ ಗೇಮಿಂಗ್ ಮೌಸ್ ತರಿಸಿದ್ದೆ. ಯಾವ ಕಂಪನಿ ಅಂತ ಬರೆಯುವುದಿಲ್ಲ. ಅರ್ಧ ತಪ್ಪು ನನ್ನ ಟೇಬಲ್ಲಿನದೇ.

ತೊಂದರೆ ಶುರುವಾದದ್ದು ಹಳೇ ಮೌಸಿನಲ್ಲಿ. ಕಂಪ್ಯೂಟರ್ ಅಸೆಂಬಲ್ ಮಾಡಿಸಿದಾಗ ಅಂಗಡಿಯವರು ಜೊತೆಗೆ ಕೊಟ್ಟದ್ದು. ವ್ಯಾಲೊರೆಂಟ್ ಅನ್ನುವ ಶೂಟಿಂಗ್ ಗೇಮ್ ಆಡುವಾಗ ನಿಧಾನಕ್ಕೆ ಸರಿಸಿದರೆ ಗುರಿ ಅಲ್ಲೇ ಅಂಟಿಕೊಳ್ಳುತ್ತಿತ್ತು. ಜೋರಾಗಿ ತಿರುಗಿಸಿದರೆ ಸೀದಾ ಆಕಾಶ ನೋಡುತ್ತಿತ್ತು. ಪಕ್ಕದಲ್ಲಿ ಕೂತ ತಮ್ಮನದು ಒಂದೇ ಮಾತು: "ಅಣ್ಣಾ, ಮೌಸ್ ಸರಿಯಾಗೇ ಇದೆ. ನಿನ್ ಕೈ ಸರಿ ಇಲ್ಲ."

ಕೈಯೋ ಮೌಸೋ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಟೇಬಲ್ ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ಅದರ ಅಂಚಿಗೆ ಮೌಸ್ ಒರಗಿಸಿ. ಗೇಮಿನ ಪ್ರಾಕ್ಟೀಸ್ ಜಾಗದಲ್ಲಿ ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿ ಇಡಿ. ಈಗ ಮೌಸನ್ನು ಜೋರಾಗಿ ಆಚೆ ಎಳೆಯಿರಿ. ಆಮೇಲೆ ನಿಧಾನವಾಗಿ ತಂದು ಮತ್ತೆ ಪುಸ್ತಕಕ್ಕೆ ತಾಗಿಸಿ. ಗುರಿ ಅದೇ ಚುಕ್ಕೆಯ ಹತ್ತಿರ ಬಂದು ನಿಲ್ಲಬೇಕು. ನನ್ನದು ಪಕ್ಕದ ಗೋಡೆ ಮೇಲೆ ನಿಂತಿತ್ತು. ತಮ್ಮನಿಗೂ ತೋರಿಸಿದೆ. "ಪುಸ್ತಕ ಅಲ್ಲಾಡಿರಬೇಕು" ಅಂದ.

ಯಾಕೆ ಹೀಗೆ ಅಂದರೆ, ಮೌಸಿನ ಹೊಟ್ಟೆಯಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಕೆಳಗಿನ ಮೇಲ್ಮೈಯ ಫೋಟೋಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ತೆಗೆಯುತ್ತದೆ. ಒಂದು ಫೋಟೋ ಹಿಂದಿನದಕ್ಕಿಂತ ಎಷ್ಟು ಸರಿದಿದೆ ಅಂತ ನೋಡಿ ಲೆಕ್ಕ ಹಾಕುತ್ತದೆ. ನಾನು ಆಡುವುದು 800 ಡಿಪಿಐ (ಮೌಸ್ ಒಂದು ಇಂಚು ಸರಿದರೆ ಎಷ್ಟು ಎಣಿಕೆ ಕಳಿಸುತ್ತದೆ ಅನ್ನುವ ಲೆಕ್ಕ), ಗೇಮಿನಲ್ಲಿ ಸೆನ್ಸಿಟಿವಿಟಿ (ಆ ಎಣಿಕೆಗೆ ಗುರಿ ಎಷ್ಟು ತಿರುಗಬೇಕು ಅನ್ನುವುದು) 0.4. ಅಂದರೆ ಒಂದು ಪೂರ್ತಿ ಸುತ್ತು ತಿರುಗಲು ಮೌಸ್ ಸುಮಾರು 41 ಸೆಂಟಿಮೀಟರ್ ಹೋಗಬೇಕು. ಹಿಂದೆ ಯಾರೋ ಬಂದರು ಅಂತ ತಿರುಗಿದರೆ 20. ಆ 20ನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಳೆದರೆ ವೇಗ ಸೆಕೆಂಡಿಗೆ 80 ಇಂಚಿನ ಹತ್ತಿರ. ಎಕ್ಸೆಲ್ ಶೀಟಿಗೆ ಅಂತ ಮಾಡಿದ ಮೌಸ್ ಅಷ್ಟು ಓಡಲಾರದು. ಎರಡು ಫೋಟೋ ನಡುವೆ ಹೊಂದಿಕೆಯೇ ಸಿಗದೆ ಬಾಯಿಗೆ ಬಂದದ್ದು ಹೇಳುತ್ತದೆ.

ಇದರ ಜೊತೆಗೆ ನನ್ನ ಟೇಬಲ್. ಬಡಗಿ ಮಾಡಿಕೊಟ್ಟದ್ದು, ಮೇಲೆ ಕನ್ನಡಿಯ ಹಾಗೆ ಹೊಳೆಯುವ ಬಿಳಿ ಸನ್‌ಮೈಕಾ. ಕ್ಯಾಮೆರಾಕ್ಕೆ ಹಿಡಿದುಕೊಳ್ಳಲು ಒಂದು ಗೆರೆಯೂ ಇಲ್ಲ. ಹೋದ ವರ್ಷದ ಕ್ಯಾಲೆಂಡರಿನ ಹಿಂಭಾಗ ಹಾಸಿ ನೋಡಿದೆ. ನಿಧಾನಕ್ಕೆ ಸರಿಸಿದಾಗಿನ ಅಂಟು ಹೋಯಿತು. ಅಲ್ಲಿಗೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಹೊಸ ಮೌಸ್ ಆರ್ಡರ್ ಮಾಡಿದೆ.

ವೈರ್‌ಲೆಸ್ ಬಂತು. ಅದರ ಸೆನ್ಸರ್, ಅಂದರೆ ಹೊಟ್ಟೆಯೊಳಗಿನ ಕ್ಯಾಮೆರಾ ಬಗ್ಗೆ ದೂರಿಲ್ಲ. ಪುಸ್ತಕದ ಪರೀಕ್ಷೆಯಲ್ಲಿ ಪ್ರತಿ ಸಲ ಚುಕ್ಕೆಗೇ ಬಂತು. ಆದರೆ ಮ್ಯಾಚ್ ಶುರುವಾದ ಮೇಲೆ ಬೇರೆಯೇ ಕಾಟ. ಮೆಲ್ಲಗೆ ಮೂಲೆ ದಾಟುತ್ತಿರುವಾಗ ಗುರಿ ಕ್ಷಣ ನಿಂತು ಒಂದು ಗೇಣು ಮುಂದೆ ಜಿಗಿಯುತ್ತಿತ್ತು. ಯಾವಾಗಲೂ ಅಲ್ಲ, ನಿಮಿಷಕ್ಕೆ ನಾಲ್ಕೈದು ಸಲ. ಪ್ರಾಕ್ಟೀಸಿನಲ್ಲಿ ಒಂದು ಸಲವೂ ಇಲ್ಲ! ಬ್ಯಾಟರಿ ಬದಲಿಸಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಪೋಲಿಂಗ್ ರೇಟ್ (ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ ಅನ್ನುವುದು) 1000ದಿಂದ 500ಕ್ಕೆ ಇಳಿಸಿದೆ. ವಿಂಡೋಸನ್ನೇ ಹೊಸದಾಗಿ ಹಾಕಿದೆ, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಅಷ್ಟರಲ್ಲಿ ವಾಪಸ್ ಕೊಡುವ ಗಡುವೂ ಮುಗಿಯಿತು.

ಒಂದು ರಾತ್ರಿ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಮತ್ತೆ ಆನ್ ಮಾಡಿ, ರೂಮಿನ ಲೈಟ್ ಹಾಕದೆ ಹಾಗೇ ಆಡುತ್ತಿದ್ದೆ. ಟೇಬಲ್ ಕೆಳಗೆ, ಸಿಪಿಯು ಡಬ್ಬದ ಹಿಂದೆ, ಗೋಡೆ ಮೇಲೆ ಒಂದು ನೀಲಿ ಬೆಳಕು ಪಟಪಟ ಮಿನುಗುತ್ತಿತ್ತು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನದು. ಅದು ಮಿನುಗಿದಾಗ ಗುರಿ ಜಿಗಿಯುತ್ತಿದೆ, ಸುಮ್ಮನಿದ್ದಾಗ ಇಲ್ಲ. ನಾನು ಮ್ಯಾಚ್‌ಗಳನ್ನು ರೆಕಾರ್ಡ್ ಮಾಡಿ ಅದೇ ಡಿಸ್ಕಿಗೆ ಉಳಿಸುತ್ತೇನೆ. ಪ್ರಾಕ್ಟೀಸನ್ನು ಯಾರು ರೆಕಾರ್ಡ್ ಮಾಡುತ್ತಾರೆ? ಅದಕ್ಕೇ ಪರೀಕ್ಷೆ ಮಾಡಿದಾಗೆಲ್ಲ ಮೌಸ್ ಒಳ್ಳೇ ಹುಡುಗನ ಹಾಗೆ ಇರುತ್ತಿತ್ತು.

ಡಿಸ್ಕಿನ ವೈರೂ, ಮೌಸಿನ ಸಿಗ್ನಲ್ ಹಿಡಿಯುವ ಪುಟ್ಟ ಡಾಂಗಲ್ಲೂ ಹಿಂದೆ ಅಕ್ಕಪಕ್ಕದ ನೀಲಿ ಯುಎಸ್‌ಬಿ 3 ಪೋರ್ಟುಗಳಲ್ಲಿದ್ದವು. ಯುಎಸ್‌ಬಿ 3ರಲ್ಲಿ ಡೇಟಾ ಓಡುವಾಗ ಹೊರಗೆ ಸೋರುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲೂ ಇರುತ್ತದೆ. ಇಂತಹ ಮೌಸ್‌ಗಳು ಮಾತಾಡುವುದೂ ಅಲ್ಲೇ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ವರದಿ ಹಾಕಿತ್ತು. ನನಗೆ ಗೊತ್ತಾದದ್ದು ಮಾತ್ರ ಈಗ. ಸಾಲದ್ದಕ್ಕೆ ಡಾಂಗಲ್ಲಿಗೂ ಮೌಸಿಗೂ ನಡುವೆ ಇಡೀ ತಗಡಿನ ಡಬ್ಬ ಬೇರೆ.

150 ರೂಪಾಯಿಯ ಯುಎಸ್‌ಬಿ 2 ಎಕ್ಸ್‌ಟೆನ್ಷನ್ ವೈರ್ ತಂದು, ಡಾಂಗಲನ್ನು ಮೇಲೆಳೆದು ಮೌಸಿನಿಂದ ಒಂದು ಗೇಣು ದೂರದಲ್ಲಿಟ್ಟೆ. ಜಿಗಿತ ನಿಂತೇಹೋಯಿತು. ಈಗ ಟೇಬಲ್ ಮೇಲೆ ವೈರ್‌ಲೆಸ್ ಮೌಸ್, ಅದರ ಪಕ್ಕ ಒಂದು ವೈರ್. ನೋಡಿ ತಮ್ಮ ನಕ್ಕದ್ದೇ ನಕ್ಕದ್ದು.

ಇಷ್ಟಾದರೂ ಅದನ್ನು ಇಟ್ಟುಕೊಳ್ಳಲಿಲ್ಲ. ಒಂದು ಕಾರಣ ತೂಕ. ಒಳಗಿನ ಎಎ ಸೆಲ್ ಒಂದೇ 23 ಗ್ರಾಂ ಹತ್ತಿರ ತೂಗುತ್ತದೆ. ಸೆನ್ಸಿಟಿವಿಟಿ ಕಡಿಮೆ ಇಟ್ಟವರು ಮೌಸ್ ಎತ್ತಿ ಎತ್ತಿ ಇಡಬೇಕು, ಅಲ್ವಾ? ಗಂಟೆ ಆಡಿದರೆ ಮಣಿಕಟ್ಟು ನೋಯುತ್ತಿತ್ತು. ಎತ್ತಿದಾಗ ಗುರಿ ಕೊಂಚ ವಾಲುತ್ತಲೂ ಇತ್ತು. ಅದನ್ನು ಸರಿಮಾಡುವ ಸೆಟ್ಟಿಂಗ್ ಅದರ ಸಾಫ್ಟ್‌ವೇರಿನಲ್ಲಿ ಇರಲಿಲ್ಲ.

ವೈರ್ ಮೌಸ್ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅದೇ ಅದರ ಗುಣ. ಹಗುರ. ಚುಚ್ಚಿದೆ, ಆಡಿದೆ. ಪುಸ್ತಕದ ಪರೀಕ್ಷೆ ಪಾಸು. ಒಂದೇ ಕಿರಿಕಿರಿ, ವೈರು ಗಡುಸು. ಟೇಬಲ್ ಅಂಚಿಗೆ ಸಿಕ್ಕಿಕೊಂಡು ಕೈಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಮಾನಿಟರ್ ಸ್ಟ್ಯಾಂಡಿಗೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ, ಸ್ವಲ್ಪ ಸಡಿಲ ಬಿಟ್ಟು ಹಿಡಿಸಿದ್ದೇನೆ. ಇದಕ್ಕೇ ಅಂತ 800 ರೂಪಾಯಿಗೆ ಬಂಜೀ ಅಂತ ಒಂದು ಸ್ಟ್ಯಾಂಡ್ ಮಾರುತ್ತಾರೆ. ಅಮ್ಮನ ಕ್ಲಿಪ್ ಸಾಕು.

ಪ್ಯಾಡುಗಳಲ್ಲಿ ಮೂರು ನೋಡಿದೆ. ಅಂಗಡಿಯಲ್ಲಿ 50 ರೂಪಾಯಿಗೆ ಸಿಗುವ ಚಿಕ್ಕದು 22 ಸೆಂಟಿಮೀಟರ್ ಅಗಲ. ನನ್ನ ಅರ್ಧ ಸುತ್ತಿಗೇ 20 ಬೇಕು. ಮೌಸ್ ನಡುವಿನಲ್ಲಿದ್ದರೆ ಆ ಅರ್ಧ ಸುತ್ತು ಮುಗಿಯುವ ಮುಂಚೆಯೇ ಅಂಚು ದಾಟಿ ಸನ್‌ಮೈಕಾ ಮೇಲೆ ಬಿತ್ತು ಅಂತಲೇ ಲೆಕ್ಕ. ಗಟ್ಟಿ ಪ್ಲಾಸ್ಟಿಕ್ಕಿನದು ಜಾರುವುದು ಚೆನ್ನಾಗಿ, ಆದರೆ ನಿಲ್ಲಿಸುವುದು ಕಷ್ಟ, ಜೊತೆಗೆ ಕರಕರ ಸದ್ದು. 45 ಸೆಂಟಿಮೀಟರ್ ಅಗಲದ ಬಟ್ಟೆಯದು 500 ರೂಪಾಯಿ. ಬೇಕಾದಲ್ಲಿ ಮೌಸ್ ನಿಲ್ಲುತ್ತದೆ. ನಿಜ ಹೇಳಬೇಕೆಂದರೆ, ಇದೊಂದನ್ನು ಮೊದಲೇ ತಂದಿದ್ದರೆ ನಿಧಾನಕ್ಕೆ ಆಡುವವರಿಗೆ ಹಳೇ ಮೌಸೇ ನಡೆಯುತ್ತಿತ್ತು.

ಇನ್ನು ಎಲ್ಲರೂ ಮೊದಲು ಹೇಳುವ ಸಲಹೆ: ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್' ತೆಗೆಯಿರಿ. ತೆಗೆಯಿರಿ, ತಪ್ಪಿಲ್ಲ. ಕೈಯ ವೇಗ ನೋಡಿ ದೂರ ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್ ಅದು. ಆದರೆ ಈಗಿನ ಶೂಟಿಂಗ್ ಗೇಮ್‌ಗಳಲ್ಲಿ ಹೆಚ್ಚಿನವು ಮೌಸ್ ಹೇಳಿದ್ದನ್ನು ನೇರವಾಗಿ ಓದುತ್ತವೆ, ನಡುವೆ ವಿಂಡೋಸಿನ ಮಾತು ಕೇಳುವುದಿಲ್ಲ. ನನಗೆ ಡೆಸ್ಕ್‌ಟಾಪಿನಲ್ಲಿ ಫರಕು ಕಂಡಿತು, ಗೇಮಿನಲ್ಲಿ ಇಲ್ಲ.

ಗುರಿ ತಾನಾಗೇ ನಡುಗುತ್ತಿದ್ದರೆ ಮೌಸ್ ತಿರುಗಿಸಿ ಸೆನ್ಸರಿನ ತೂತು ನೋಡಿ. ಒಂದು ಕೂದಲು ಸಾಕು.

ಪೋಲಿಂಗ್ ರೇಟಿಗೆ ದುಡ್ಡು ಸುರಿಯಬೇಡಿ. 125ರಲ್ಲಿ ಮೌಸ್ 8 ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕೊಡುತ್ತದೆ, 1000ದಲ್ಲಿ 1ಕ್ಕೊಮ್ಮೆ. ನನ್ನ ಮಾನಿಟರ್ 60 ಹರ್ಟ್ಸಿನದು, ಚಿತ್ರ ಬದಲಾಗುವುದೇ 16 ಚಿಲ್ಲರೆ ಮಿಲಿಸೆಕೆಂಡಿಗೊಮ್ಮೆ. 1000 ಧಾರಾಳ ಸಾಕು.

ನಾನು ಆಡುವುದು ಒಂದೇ ಟೇಬಲ್, ರಾತ್ರಿ ಊಟ ಆದ ಮೇಲೆ ಒಂದು ಗಂಟೆ. ಮೌಸ್ ಎಲ್ಲಿಗೂ ಹೊತ್ತುಕೊಂಡು ಹೋಗುವುದಿಲ್ಲ. ಅದಕ್ಕೇ ವೈರ್ ನನಗೆ ಭಾರವಲ್ಲ. ಲ್ಯಾಪ್‌ಟಾಪ್ ಹಿಡಿದು ಪಿಜಿಯಿಂದ ಊರಿಗೆ, ಊರಿಂದ ಪಿಜಿಗೆ ಓಡಾಡುವವರಾದರೆ ವೈರ್‌ಲೆಸ್ಸೇ ತಗೊಳ್ಳಿ. ಆ 150ರ ವೈರನ್ನೂ ಅದೇ ದಿನ ತಗೊಳ್ಳಿ.

ಬಟ್ಟೆ ಪ್ಯಾಡಿನ ಒಂದು ಗೋಳು ಹೇಳುವುದು ಮರೆತಿದ್ದೆ. ಕೈ ಬೆವರಿಗೆ ನಡುಭಾಗ ಜಿಡ್ಡಾಗಿ ಮೌಸ್ ಅಲ್ಲೇ ಎಳೆಯತೊಡಗುತ್ತದೆ. ಆಗ ಸೋಪಿನ ನೀರಿನಲ್ಲಿ ಕೈಯಲ್ಲೇ ತಿಕ್ಕಿ ನೆರಳಲ್ಲಿ ಒಣಗಿಸಬೇಕು. ನಾನು ಮೊನ್ನೆ ಜಡಿಮಳೆಯಲ್ಲಿ ಒಗೆದೆ. ಮೂರು ದಿನವಾದರೂ ಒಣಗಲಿಲ್ಲ, ಅಷ್ಟೂ ದಿನ ಕ್ಯಾಲೆಂಡರ್ ಮೇಲೇ ಆಡಿದೆ.