ಡಾಸ್ 6.22ರ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು: ವರ್ಷಗಟ್ಟಲೆ ಬಳಸಿದ ಮೇಲೆ

ಮಂಡ್ಯದ ಬೆಲ್ಲದ ಮಂಡಿಗೆಂದು ಡೇಟಾಬೇಸ್ ಭಾಷೆಯಾದ ಕ್ಲಿಪ್ಪರ್‌ನಲ್ಲಿ ಬರೆದ ಲೆಕ್ಕದ ಪ್ರೋಗ್ರಾಂ, ಮೈಸೂರಿನ ಮನೆಯಲ್ಲಿ ಆಡುವ ಹಳೇ ಆಟಗಳು, ಎರಡಕ್ಕೂ ಬಳಕೆಯಲ್ಲಿರುವುದು ಒಂದೇ 486 ಯಂತ್ರ, ಒಂದೇ ಎಂಎಸ್-ಡಾಸ್ 6.22 (ಮೈಕ್ರೋಸಾಫ್ಟ್‌ನ ಹಳೇ ಆಪರೇಟಿಂಗ್ ಸಿಸ್ಟಮ್). 1994ರ ಈ ಆವೃತ್ತಿಯ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಬಗ್ಗೆ, ಅಂದರೆ ಪ್ರೋಗ್ರಾಂಗಳು ನೋಡಿಕೊಳ್ಳಲೆಂದು ಡಾಸ್ ಮೆಮೊರಿಯಲ್ಲಿಡುವ ಹೆಸರು-ಬೆಲೆ ಜೋಡಿಗಳ ಬಗ್ಗೆ ಮಾತ್ರ ಈ ವಿಮರ್ಶೆ. ಬೇಕಾದಷ್ಟು ಜಾಗ ಕೊಟ್ಟು, ಸಾಲುಗಳ ಕ್ರಮ ಸರಿಯಾಗಿಟ್ಟರೆ ಇದು ಕೈಕೊಡುವುದಿಲ್ಲ. ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ. ಉಳಿದ ಒಂದು ಅಂಕ ಕಳೆದದ್ದು ಜಾಗ ಸಾಲದಾದಾಗ ಅದು ನಡೆದುಕೊಳ್ಳುವ ರೀತಿಗೆ.

ಮೊದಲು ಆ ಜಾಗದ ವಿಷಯ. ನಾವಾಗಿ ಕೇಳದಿದ್ದರೆ, ನಾವು ಬರೆದ ಆಜ್ಞೆಗಳನ್ನು ನಡೆಸುವ ಶೆಲ್ ಪ್ರೋಗ್ರಾಂ ಕಮಾಂಡ್.ಕಾಮ್ ಎಲ್ಲ ವೇರಿಯಬಲ್‌ಗಳಿಗೂ ಸೇರಿ ಎತ್ತಿಡುವುದು 256 ಬೈಟ್ ಮಾತ್ರ. ಒಂದೊಂದು ವೇರಿಯಬಲ್‌ಗೂ ಹೆಸರು, ಸಮ ಚಿಹ್ನೆ, ಬೆಲೆ, ಕೊನೆಗೊಂದು ಸೊನ್ನೆ ಬೈಟ್ ಖರ್ಚಾಗುತ್ತದೆ. ಡಾಸ್ ಡೈರೆಕ್ಟರಿಯಲ್ಲಿರುವ ಕಮಾಂಡ್.ಕಾಮ್‌ನ ವಿಳಾಸ ತೋರಿಸುವ ಕಾಮ್‌ಸ್ಪೆಕ್‌ಗೇ, ಇಂಗ್ಲಿಷ್ ಅಕ್ಷರಗಳಲ್ಲಿ ಎಣಿಸಿದರೆ, 27 ಬೈಟ್ ಹೋಯಿತು. ಸೌಂಡ್ ಬ್ಲಾಸ್ಟರ್ 16 ಧ್ವನಿ ಕಾರ್ಡಿನ ಬ್ಲಾಸ್ಟರ್ ಸಾಲು (ಎ220 ಐ5 ಡಿ1 ಎಚ್5 ಪಿ330 ಟಿ6) ಇನ್ನೂ 30 ನುಂಗುತ್ತದೆ. ಅದರ ಮೇಲೆ ಉದ್ದನೆಯ ಪಾತ್ (ಪ್ರೋಗ್ರಾಂ ಹುಡುಕುವ ಡೈರೆಕ್ಟರಿಗಳ ಪಟ್ಟಿ), ಟೆಂಪ್ (ತಾತ್ಕಾಲಿಕ ಫೈಲುಗಳ ಜಾಗ), ಪ್ರಾಂಪ್ಟ್ (ಆಜ್ಞೆ ಬರೆಯುವೆಡೆ ಕಾಣುವ ಗುರುತು) ಬಂದರೆ 256 ಎಲ್ಲಿ ಸಾಕು? ತುಂಬಿದಾಗ ತೆರೆಯ ಮೇಲೆ ‘ಔಟ್ ಆಫ್ ಎನ್ವಿರಾನ್‌ಮೆಂಟ್ ಸ್ಪೇಸ್’ ಎಂದು ಒಂದು ಸಾಲು ಬಂದು, ಮುಂದಿನ ಸಾಲುಗಳ ಹಿಂದೆ ಮೇಲಕ್ಕೆ ಸರಿದು ಮಾಯವಾಗುತ್ತದೆ. ಆಜ್ಞೆಗಳ ಪಟ್ಟಿಯಾದ ಬ್ಯಾಚ್ ಫೈಲ್ ನಿಲ್ಲದೆ ಮುಂದೆ ಓಡುತ್ತದೆ. ಪ್ರೋಗ್ರಾಂ ಅರ್ಧ ಗಂಟೆ ಆದಮೇಲೆ ಎಲ್ಲೋ ತಪ್ಪಿದಾಗ ಕಾರಣ ಇಲ್ಲಿದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಪರಿಹಾರ, ಯಂತ್ರ ಶುರುವಾಗುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ ಒಂದೇ ಸಾಲು:

ಶೆಲ್=ಸಿ:\ಡಾಸ್\ಕಮಾಂಡ್.ಕಾಮ್ ಸಿ:\ಡಾಸ್\ /ಇ:1024 /ಪಿ

/ಇ ಮುಂದಿನ ಅಂಕಿ 160ರಿಂದ 32768ರವರೆಗೆ ಇರಬಹುದು. ಎಷ್ಟು ಬೇಕೆಂದು ಅಂದಾಜಿನ ಮೇಲೆ ಬರೆಯಬೇಡಿ. ‘ಸೆಟ್ > ಸಿ:\ಎನ್ವ್.ಟಿಎಕ್ಸ್‌ಟಿ’ ಕೊಟ್ಟು ವೇರಿಯಬಲ್‌ಗಳನ್ನೆಲ್ಲ ಫೈಲಿಗಿಳಿಸಿ, ಡಿಐಆರ್‌ನಲ್ಲಿ ಆ ಫೈಲಿನ ಅಳತೆ ನೋಡಿ, ಅದರಲ್ಲಿ ಎಷ್ಟು ಸಾಲಿವೆಯೋ ಅಷ್ಟನ್ನು ಕಳೆಯಿರಿ. ಫೈಲಿನಲ್ಲಿ ಸಾಲಿನ ಕೊನೆಗೆ ಎರಡು ಬೈಟ್, ಮೆಮೊರಿಯಲ್ಲಿ ಒಂದೇ. ಅದಕ್ಕೆ ಈ ಕಳೆಯುವಿಕೆ. ಬಂದ ಲೆಕ್ಕದ ಎರಡರಷ್ಟು ಇಟ್ಟರೆ ನೆಮ್ಮದಿ. /ಪಿ ಮರೆತರೆ, ಶುರುವಿನಲ್ಲಿ ತಾನಾಗಿ ಓಡಬೇಕಾದ ಬ್ಯಾಚ್ ಫೈಲ್ ಆಟೋಎಕ್ಸೆಕ್.ಬ್ಯಾಟ್ ಓಡುವುದೇ ಇಲ್ಲ. ನಡುವಿನ ‘ಸಿ:\ಡಾಸ್\’ ಕಾಮ್‌ಸ್ಪೆಕ್ ಆಗುತ್ತದೆ. ದೊಡ್ಡ ಪ್ರೋಗ್ರಾಂ ಮುಗಿದ ಮೇಲೆ ಕಮಾಂಡ್.ಕಾಮ್‌ನ ಒಂದು ಭಾಗವನ್ನು ಡಾಸ್ ಮತ್ತೆ ಡಿಸ್ಕಿನಿಂದ ಓದುವುದು ಅಲ್ಲಿಂದಲೇ. ಅದು ತಪ್ಪಿದ್ದರೆ ಬಿಲ್ ಮುಗಿಸಿ ಹೊರಬಂದ ಕ್ಷಣವೇ ಯಂತ್ರ ನಿಲ್ಲುತ್ತದೆ.

ಇನ್ನು ವೇರಿಯಬಲ್‌ಗೆ ಬೆಲೆ ಕೊಡುವ ಸೆಟ್ ಆಜ್ಞೆ. ಇದಕ್ಕೆ ಖಾಲಿ ಜಾಗವೂ ಅಕ್ಷರವೇ. ‘ಸೆಟ್ ಮಂಡಿ =ಎ’ ಎಂದರೆ ಕೊನೆಯಲ್ಲಿ ಸ್ಪೇಸ್ ಇರುವ ಬೇರೆಯದೇ ಹೆಸರು ಹುಟ್ಟುತ್ತದೆ. %ಮಂಡಿ% ಖಾಲಿಯಾಗಿಯೇ ಉಳಿಯುತ್ತದೆ. ‘ಎ’ ಆದಮೇಲೆ ಕಾಣದ ಒಂದು ಸ್ಪೇಸ್ ಬಿದ್ದಿದ್ದರೂ ಇಫ್ ಹೋಲಿಕೆ ಹೊಂದುವುದಿಲ್ಲ. ಬ್ಯಾಚ್ ಫೈಲಿನಲ್ಲಿ ‘ಎಕೋ [%ಮಂಡಿ%]’ ಎಂದು ಆವರಣದೊಳಗೆ ಬರೆಸಿ ನೋಡಿದರೆ ಕಳ್ಳ ಸ್ಪೇಸ್ ಸಿಕ್ಕಿಬೀಳುತ್ತದೆ. ಇದನ್ನು ನೇರ ಪ್ರಾಂಪ್ಟ್‌ನಲ್ಲಿ ಮಾಡಬೇಡಿ, ಅಲ್ಲಿ ಶೇಕಡಾ ಚಿಹ್ನೆ ಹಾಗೇ ಅಚ್ಚಾಗುತ್ತದೆ. ಪ್ರಾಂಪ್ಟ್‌ನಲ್ಲಿ ಬರೆಯುವ ಸಾಲಿಗೆ 127 ಅಕ್ಷರದ ಮಿತಿಯೂ ಇದೆ. ಪಾತ್ ಉದ್ದವಾಗುತ್ತಿದ್ದರೆ ಡೈರೆಕ್ಟರಿ ಹೆಸರು ಚಿಕ್ಕದು ಮಾಡಿ, ಇಲ್ಲವೇ ಸಬ್‌ಸ್ಟ್‌ನಿಂದ ಆ ಡೈರೆಕ್ಟರಿಗೊಂದು ಡ್ರೈವ್ ಅಕ್ಷರ ಕೊಡಿ. ಆಗ ಕಾನ್ಫಿಗ್.ಸಿಸ್‌ನ ಲಾಸ್ಟ್‌ಡ್ರೈವ್ ಆ ಅಕ್ಷರದವರೆಗೆ ಇರಬೇಕು.

ಹೆಚ್ಚಿನವರು ಗಮನಿಸದ ಸಂಗತಿ ಸಾಲುಗಳ ಕ್ರಮ. ಡಾಸ್ ಪ್ರತಿ ಪ್ರೋಗ್ರಾಂಗೂ ಎನ್ವಿರಾನ್‌ಮೆಂಟಿನ ಒಂದು ನಕಲು ಕೊಡುತ್ತದೆ. ಮೆಮೊರಿಯಲ್ಲೇ ಉಳಿಯುವ ಟಿಎಸ್‌ಆರ್ ಪ್ರೋಗ್ರಾಂಗಳ ನಕಲು, ಅವು ತಾವಾಗಿ ಬಿಟ್ಟುಕೊಡದಿದ್ದರೆ, ಅಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಮೌಸ್ ಡ್ರೈವರ್, ಡಾಸ್‌ಕೀ ಮುಂತಾದವನ್ನು ಪೂರ್ತಿ ವಿಳಾಸ ಬರೆದು ಮೊದಲೇ ಎಬ್ಬಿಸಿ, ಪಾತ್ ಮತ್ತಿತರ ಸೆಟ್ ಸಾಲುಗಳನ್ನು ಆಮೇಲೆ ಬರೆಯಿರಿ. ಬ್ಲಾಸ್ಟರ್ ಮಾತ್ರ ಧ್ವನಿ ಡ್ರೈವರ್‌ಗಿಂತ ಮೊದಲು ಇರಬೇಕು. ಉಳಿತಾಯ ಎಷ್ಟೆಂದು ಮೆಮ್ /ಸಿ /ಪಿ ಕೊಟ್ಟು ಎರಡು ಬಾರಿ ಹೋಲಿಸಿ ನೋಡಿ. 640 ಕೆಬಿಯೊಳಗೆ ಹೆಣಗುವ ಆಟಗಳಿಗೆ ಒಂದೆರಡು ಕೆಬಿಯೂ ದೊಡ್ಡದೇ.

ನಕಲಿನ ಇನ್ನೊಂದು ಪರಿಣಾಮ: ಪ್ರೋಗ್ರಾಂ ಒಳಗಿನಿಂದ ಡಾಸ್ ಶೆಲ್‌ಗೆ ಹೊರಬಂದು ಬದಲಿಸಿದ ವೇರಿಯಬಲ್, ಎಕ್ಸಿಟ್ ಕೊಟ್ಟೊಡನೆ ಹೋಯಿತು. ಕಾಲ್‌ನಿಂದ ಕರೆದ ಬ್ಯಾಚ್ ಫೈಲಿನಲ್ಲಿ ಮಾಡಿದ್ದು ಉಳಿಯುತ್ತದೆ, ಅದು ಅದೇ ಶೆಲ್. ವಿಂಡೋಸ್ 3.1 ಒಳಗೆ ಡಾಸ್ ತೆರೆಯುವವರು ಸಿಸ್ಟಮ್.ಐಎನ್ಐ ಫೈಲಿನ ನಾನ್‌ವಿಂಡೋಸ್‌ಆ್ಯಪ್ ಭಾಗದಲ್ಲಿ ಕಮಾಂಡ್‌ಎನ್ವ್‌ಸೈಜ್=512 ಎಂದು ಬರೆದುಕೊಳ್ಳಲಿ.

ಒಂದೇ ಯಂತ್ರದಲ್ಲಿ ಲೆಕ್ಕವೂ ಆಟವೂ ನಡೆಯಬೇಕೆಂದರೆ 6.22ರ ಮೆನು ಸೌಲಭ್ಯ ನಿಜಕ್ಕೂ ಸೊಗಸು. ಕಾನ್ಫಿಗ್.ಸಿಸ್‌ನಲ್ಲಿ [ಮೆನು] ಬರೆದು ಲೆಕ್ಕಕ್ಕೊಂದು, ಆಟಕ್ಕೊಂದು ಭಾಗ ಮಾಡಿದರೆ, ಆರಿಸಿದ ಭಾಗದ ಹೆಸರನ್ನು ಡಾಸ್ ತಾನೇ ಕಾನ್ಫಿಗ್ ಎಂಬ ವೇರಿಯಬಲ್‌ನಲ್ಲಿಡುತ್ತದೆ. ಆಟೋಎಕ್ಸೆಕ್‌ನಲ್ಲಿ ‘ಗೋಟು %ಕಾನ್ಫಿಗ್%’ ಅಂದರೆ ಸಾಕು. ಲೇಬಲ್‌ನ ಮೊದಲ ಎಂಟು ಅಕ್ಷರ ಮಾತ್ರ ಲೆಕ್ಕಕ್ಕೆ ಬರುವುದರಿಂದ ಹೆಸರು ಚಿಕ್ಕದಿರಲಿ. ಲೆಕ್ಕದ ಭಾಗದಲ್ಲಿ ‘ಸೆಟ್ ಕ್ಲಿಪ್ಪರ್=//ಎಫ್:50’ ಬರೆದು, ಕಾನ್ಫಿಗ್.ಸಿಸ್‌ನ ಫೈಲ್ಸ್ (ಒಟ್ಟಿಗೆ ತೆರೆಯಬಹುದಾದ ಫೈಲುಗಳ) ಅಂಕಿಯನ್ನೂ ಅದಕ್ಕಿಂತ ಹೆಚ್ಚಿಡಿ. ಎರಡರಲ್ಲಿ ಚಿಕ್ಕದೇ ನಡೆಯುವುದು.

ಟೆಂಪ್ ಅನ್ನು ಮೆಮೊರಿಯಲ್ಲೇ ಮಾಡಿದ ಡ್ರೈವ್ ಆದ ರ‍್ಯಾಮ್‌ಡ್ರೈವ್‌ಗೆ ತೋರಿಸುವವರಿದ್ದಾರೆ. ಕರೆಂಟ್ ಯಾವಾಗ ಹೋದೀತೋ ಎನ್ನುವ ನಮ್ಮ ಕಡೆ ಹಾರ್ಡ್ ಡಿಸ್ಕೇ ವಾಸಿ. ರ‍್ಯಾಮ್‌ಡ್ರೈವೇ ಬೇಕೆಂದರೆ ಅದರೊಳಗೊಂದು ಡೈರೆಕ್ಟರಿ ಮಾಡಿ ಅದಕ್ಕೆ ತೋರಿಸಿ, ಮೂಲ ಡೈರೆಕ್ಟರಿಯಲ್ಲಿ ಹಿಡಿಸುವುದು ಸಾಮಾನ್ಯವಾಗಿ 64 ಹೆಸರು ಮಾತ್ರ. ಇಲ್ಲದ ಡೈರೆಕ್ಟರಿಗೆ ಟೆಂಪ್ ತೋರಿಸಿದರೆ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಸಾಗಿಸುವ ಪೈಪ್ ಆಜ್ಞೆಗಳೆಲ್ಲ ಕೆಡುತ್ತವೆ.

ಕರೆಂಟ್ ಹೋದರೆ ಪ್ರಾಂಪ್ಟ್‌ನಲ್ಲಿ ಕೊಟ್ಟ ವೇರಿಯಬಲ್‌ಗಳು ಹೋಗುತ್ತವೆ, ಫೈಲಿನಲ್ಲಿ ಬರೆದದ್ದು ಮತ್ತೆ ಬರುತ್ತದೆ. ಕೆಡಲು ಬೇರೆ ಏನೂ ಇಲ್ಲದಿರುವುದೇ ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು. ವೇರಿಯಬಲ್ ತಿದ್ದುವ ಅನುಕೂಲ ಬೇಕಾದವರು ಕಮಾಂಡ್.ಕಾಮ್ ಬದಲಿಗೆ ಬಳಸುವ 4ಡಾಸ್ ನೋಡಬಹುದು, ಅದರ ಇಸೆಟ್ ಆಜ್ಞೆಯಲ್ಲಿ ಇರುವ ಸಾಲನ್ನೇ ತಿದ್ದಲಿಕ್ಕಾಗುತ್ತದೆ. ಯಾವುದೇ ಆಗಲಿ, ಶೆಲ್ ಸಾಲು ಮುಟ್ಟುವ ಮೊದಲು ‘ಸಿಸ್ ಎ:’ ಮಾಡಿ ಡಾಸ್ ಹಾಕಿದ ಒಂದು ಫ್ಲಾಪಿ, ಸಿ ಡ್ರೈವ್‌ನ ಮೂಲ ಡೈರೆಕ್ಟರಿಯಲ್ಲಿ ಕಮಾಂಡ್.ಕಾಮ್‌ನ ಒಂದು ಪ್ರತಿ ಇಟ್ಟುಕೊಳ್ಳಿ. ಸಾಲು ತಪ್ಪಿದ್ದರೆ ‘ಸ್ಟಾರ್ಟಿಂಗ್ ಎಂಎಸ್-ಡಾಸ್’ ಎಂದು ಬಂದ ಕೂಡಲೇ ಎಫ್5 ಒತ್ತಿ ಒಳಹೊಕ್ಕು ಸರಿಪಡಿಸಬಹುದು.