ಪೇಪರ್ಸ್, ಪ್ಲೀಸ್: ದಿನಕ್ಕೆ ಎರಡು ತಪ್ಪು ಮಾಫಿ

ವಿಡಿಯೊ ಗೇಮ್ ಕಲೆಯೇ ಎಂಬ ಜಗಳ ಶುರುವಾದರೆ ಸಾಕ್ಷಿಗೆ ಬರುವುದು ಸಾಮಾನ್ಯವಾಗಿ ಕಣ್ಣಿಗೆ ಹಬ್ಬವಾದ ಆಟಗಳು. ಪೇಪರ್ಸ್, ಪ್ಲೀಸ್ ಆ ಸಾಲಿನದಲ್ಲ. ಕಂದು, ಬೂದು, ಒರಟು ಪಿಕ್ಸೆಲ್, ಸಿಡುಕು ಮುಖಗಳು, ಅಷ್ಟೇ. ಲೂಕಸ್ ಪೋಪ್ ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ ಈ ಆಟ 2013ರ ಆಗಸ್ಟ್‌ನಲ್ಲಿ ಹೊರಬಂತು. ಮರುವರ್ಷ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ದೊಡ್ಡ ಬಹುಮಾನವನ್ನೂ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯನ್ನೂ ಪಡೆಯಿತು. ಇದರಲ್ಲಿ ಕಲೆ ಇದ್ದರೆ ಅದನ್ನು ಹುಡುಕಬೇಕಾದ್ದು ಸಂಬಳದ ಲೆಕ್ಕದಲ್ಲಿ.

ಕಾಲ 1982ರ ನವೆಂಬರ್ 23. ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗ್ರೆಸ್ಟಿನ್ ಗಡಿಠಾಣೆಯಲ್ಲಿ ನೀವು ಪಾಸ್‌ಪೋರ್ಟ್ ತಪಾಸಣೆಯ ಗುಮಾಸ್ತ. 31 ದಿನಗಳ ಕೆಲಸ, 20 ಬಗೆಯ ಅಂತ್ಯ. ಮೊದಲ ದಿನ ಸ್ವದೇಶಿಗಳಿಗಷ್ಟೇ ಪ್ರವೇಶ. ಮೂರನೆಯ ದಿನ ವಿದೇಶಿಯರಿಗೆ ಟಿಕೆಟ್ ಬೇಕು, ನಾಲ್ಕನೆಯ ದಿನ ಸ್ವದೇಶಿಗಳಿಗೆ ಗುರುತಿನ ಚೀಟಿ, ಐದರಂದು ಟಿಕೆಟ್ ರದ್ದಾಗಿ ಪರ್ಮಿಟ್. ಆಮೇಲೆ ಕೆಲಸದ ಪಾಸ್, ಲಸಿಕೆ ಪತ್ರ ಹೀಗೆ ಕಾಗದ ಬೆಳೆಯುತ್ತ ಹೋಗುತ್ತದೆ. ಮೇಜು ಮಾತ್ರ ಬೆಳೆಯುವುದಿಲ್ಲ. ನಿಯಮಪುಸ್ತಕ ತೆರೆದರೆ ಪರ್ಮಿಟ್ ಮುಚ್ಚಿಹೋಗುತ್ತದೆ, ಪರ್ಮಿಟ್ ಎಳೆದರೆ ಫೋಟೊ ಮರೆಯಾಗುತ್ತದೆ. ಮೊದಮೊದಲು ಇದು ಕೆಟ್ಟ ವಿನ್ಯಾಸ ಅನ್ನಿಸಿ ರೇಗುತ್ತದೆ. ಆದರೆ ಆಟ ನಿಂತಿರುವುದೇ ಆ ಇಕ್ಕಟ್ಟಿನ ಮೇಲೆ. ಬಾಗಿಲಲ್ಲಿ ನಿಂತವನ ಮುಖ ನೋಡುವ ವ್ಯವಧಾನ ನಿಮಗೆ ಉಳಿಯುವುದಿಲ್ಲ.

ಹೊಸಬರು ಎಡವುವುದು ಇಲ್ಲೇ. ತಪಾಸಣೆಯ ಗುಂಡಿ ಒತ್ತಿದರೆ ತಪಾಸಣೆಯ ಸ್ಥಿತಿ ಬರುತ್ತದೆ. ಹೊಂದದ ಎರಡು ವಿವರಗಳನ್ನು ಒಂದಾದಮೇಲೊಂದು ಕ್ಲಿಕ್ ಮಾಡಿದರೆ ವ್ಯತ್ಯಾಸ ದಾಖಲಾಗಿ ವಿಚಾರಣೆಯ ಗುಂಡಿ ತೆರೆಯುತ್ತದೆ. ಪ್ರತಿಯೊಬ್ಬರಿಗೂ ಇದನ್ನೇ ಮಾಡುತ್ತ ಕೂತರೆ ದಿನ ಮುಗಿದೇಹೋಗುತ್ತದೆ. ಬರಿಗಣ್ಣಿನ ತಪಾಸಣೆಗೆ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಅವಧಿ ಮುಗಿಯುವ ದಿನಾಂಕ, ಆಮೇಲೆ ಪಾಸ್‌ಪೋರ್ಟ್ ಕೊಟ್ಟ ಊರು, ಫೋಟೊ, ಲಿಂಗ, ಕೊನೆಗೆ ಇತರ ಕಾಗದಗಳಲ್ಲಿನ ಹೆಸರು ಮತ್ತು ಸಂಖ್ಯೆ. ದಿನಾಂಕದಲ್ಲಿ ವರ್ಷ ಮೊದಲು ಬರುತ್ತದೆ. ತಿಂಗಳು ನೋಡದೆ ಠಸ್ಸೆ ಒತ್ತಿ ಸಿಕ್ಕಿಬೀಳುವವರೇ ಹೆಚ್ಚು. ಏಳು ದೇಶಗಳ ಊರುಗಳ ಪಟ್ಟಿ ಬಾಯಿಪಾಠವಾದರೆ ಪುಸ್ತಕ ತೆರೆಯುವ ಗೋಜೇ ಇಲ್ಲ. ಗುಮಾಸ್ತ ಗುಮಾಸ್ತನಾಗುವುದು ಹೀಗೆಯೇ.

ಇನ್ನು ಲೆಕ್ಕ. ಸರಿಯಾಗಿ ವಿಲೇವಾರಿಯಾದ ಪ್ರತಿ ತಲೆಗೆ 5 ಕ್ರೆಡಿಟ್. ಎಂಟು ಮಂದಿಯನ್ನು ಮುಗಿಸಿದರೆ 40. ಅದರಲ್ಲಿ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ. ಚಳಿಗೋ ಹಸಿವಿಗೋ ಬಿಟ್ಟರೆ ಕಾಯಿಲೆ, ಔಷಧಿ ತರದಿದ್ದರೆ ಸಾವು. ಇದನ್ನೆಲ್ಲ ಹೇಳುವುದು ಕಪ್ಪು ಪರದೆಯ ಮೇಲಿನ ನಾಲ್ಕಾರು ಸಾಲು ಅಕ್ಷರ. ಅಳುವ ದೃಶ್ಯ ಇಲ್ಲ, ಹಿನ್ನೆಲೆಯಲ್ಲಿ ಪಿಟೀಲಿಲ್ಲ.

ತಪ್ಪಾಗಿ ಒಬ್ಬರನ್ನು ಬಿಟ್ಟರೆ ಅಥವಾ ತಡೆದರೆ ಪ್ರಿಂಟರ್ ಕಟಕಟ ಎಂದು ನೋಟಿಸ್ ಉಗುಳುತ್ತದೆ. ದಿನದ ಮೊದಲ ಎರಡು ನೋಟಿಸ್‌ಗೆ ದಂಡವಿಲ್ಲ. ಮೂರನೆಯದಕ್ಕೆ 5 ಕ್ರೆಡಿಟ್ ಕಡಿತ, ಆಮೇಲೆ ಏರುತ್ತ ಹೋಗುತ್ತದೆ. ಪೋಪ್ ಅವರ ಕೈಚಳಕ ಕಾಣುವುದು ಈ ಎರಡು ಮಾಫಿಯಲ್ಲಿ. ಐದನೆಯ ದಿನ ಒಬ್ಬ ಬರುತ್ತಾನೆ. ಕಾಗದ ಎಲ್ಲ ಸರಿ. ಹಿಂದೆ ಹೆಂಡತಿ ಇದ್ದಾಳೆ, ದಯವಿಟ್ಟು ನೋಡಿ ಎನ್ನುತ್ತಾನೆ. ಅವಳ ಬಳಿ ಪರ್ಮಿಟ್ ಇಲ್ಲ, ಹಿಂದಿರುಗಿದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ಅಂದು ನಿಮ್ಮ ಖಾತೆಯಲ್ಲಿ ಮಾಫಿ ಉಳಿದಿದ್ದರೆ ದಯೆ ಬಿಟ್ಟಿ. ಆದರೆ ಬೆಳಗ್ಗೆಯೇ ಅಜಾಗರೂಕತೆಯಿಂದ ಎರಡು ತಪ್ಪು ಮಾಡಿಕೊಂಡಿದ್ದರೆ ಅದೇ ದಯೆಗೆ ಬೆಲೆ ಇದೆ. ಯಾರದೋ ಪಾಸ್‌ಪೋರ್ಟ್‌ನ ತಿಂಗಳು ನೋಡದ ಕಾರಣಕ್ಕೆ ಇನ್ನೊಬ್ಬಳ ಜೀವ ದುಬಾರಿಯಾಗುತ್ತದೆ. ಕಾದಂಬರಿ ಈ ಮಾತನ್ನು ವರ್ಣಿಸಬಲ್ಲದು, ಸಿನಿಮಾ ತೋರಿಸಬಲ್ಲದು. ಓದುಗನ ಸ್ವಂತ ಗಡಿಬಿಡಿಯನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಲು ಮಾತ್ರ ಎರಡಕ್ಕೂ ದಾರಿಯಿಲ್ಲ.

ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ಗೇಮ್‌ಗಳು ಎಂದೂ ಕಲೆಯಾಗಲಾರವು ಎಂದು ಬರೆದಾಗ ಮುಂದಿಟ್ಟ ಒಂದು ವಾದ: ಆಟವನ್ನು ಗೆಲ್ಲಬಹುದು, ಕಲೆಯನ್ನು ಅನುಭವಿಸಬಹುದಷ್ಟೇ. ವಾದ ಸಲೀಸಾಗಿ ತಳ್ಳಿಹಾಕುವಂಥದ್ದಲ್ಲ. ಬಹುಪಾಲು ಗೇಮ್‌ಗಳಿಗೆ ಅದು ಒಪ್ಪುತ್ತದೆ ಕೂಡ. ಈ ಆಟದಲ್ಲಿ ಅದು ಎಡವುತ್ತದೆ. ಕೊನೆಯವರೆಗೂ ಆಜ್ಞೆ ಪಾಲಿಸಿದರೆ ಕೆಲಸ ಉಳಿಯುತ್ತದೆ, ಸರ್ಕಾರಕ್ಕೆ ಜಯಕಾರ. ಇಝಿಕ್ ಎಂಬ ಗುಪ್ತ ಸಂಘಟನೆಯ ಕೈ ಹಿಡಿಯಬಹುದು, ಕುಟುಂಬ ಸಮೇತ ದೇಶ ಬಿಟ್ಟು ಓಡಬಹುದು. ಇವುಗಳಲ್ಲಿ ಗೆಲುವು ಯಾವುದು ಎಂದು ಆಟ ಹೇಳುವುದಿಲ್ಲ.

ಕಲೆ ಇರುವುದು ಸಂಬಳದ ಲೆಕ್ಕದಲ್ಲಿ ಎಂಬುದಕ್ಕೆ ಕಥೆ ಮುಗಿದಮೇಲೆ ತೆರೆಯಬಹುದಾದ ಎಂಡ್‌ಲೆಸ್ ಮೋಡ್ ಇನ್ನೊಂದು ಪುರಾವೆ, ಅದೂ ಪೋಪ್ ಅವರೇ ಒದಗಿಸಿದ್ದು. ಅದೇ ಮೇಜು, ಅದೇ ಠಸ್ಸೆ, ಅದೇ ಕಾಗದ. ಕುಟುಂಬವಿಲ್ಲ, ಅಂಕ ಮಾತ್ರ. ಕೈ ಪಳಗಿಸಲು ಚೆನ್ನಾಗಿದೆ. ಆದರೆ ಹತ್ತು ನಿಮಿಷದಲ್ಲಿ ಅದು ವ್ಯತ್ಯಾಸ ಕಂಡುಹಿಡಿಯುವ ಒಗಟಾಗಿಬಿಡುತ್ತದೆ. ಮನೆಖರ್ಚಿನ ಪುಟವೊಂದನ್ನು ಕಿತ್ತರೆ ಇಷ್ಟು ವ್ಯತ್ಯಾಸ.

ದೋಷಗಳಿವೆ. ಹೊಸ ದಾಖಲೆಯ ರುಚಿ ಹಳಸಿದ ಮೇಲೆ, ನಡುವಿನ ಕೆಲವು ದಿನಗಳು ಬರೀ ದುಡಿಮೆ. ಬೇಸರವೂ ಉದ್ದೇಶವೇ ಎಂದು ಅಭಿಮಾನಿಗಳು ಸಮರ್ಥಿಸುತ್ತಾರೆ; ಅರ್ಧ ಒಪ್ಪಬಹುದು. ಪಿಕ್ಸೆಲ್ ಫೋಟೊಗಳಲ್ಲಿ ಮುಖ ಹೊಂದುತ್ತದೋ ಇಲ್ಲವೋ ಎಂಬುದು ಕೆಲವೊಮ್ಮೆ ಊಹೆಯೇ. ಅನುಮಾನವಿದ್ದರೆ ಅಲ್ಲಿ ಸಮಯ ವ್ಯಯಿಸಿ ವಿಚಾರಣೆ ಮಾಡಿ. ಎಲ್ಲಕ್ಕಿಂತ ದೊಡ್ಡ ಕೊರತೆ ಸೇವ್ ವ್ಯವಸ್ಥೆಯದು. ಕಳೆದ ಯಾವ ದಿನಕ್ಕಾದರೂ ಮರಳಿ ಹೊಸ ಕವಲು ಹಿಡಿಯಬಹುದು. 20 ಅಂತ್ಯ ನೋಡಲು ಅನುಕೂಲ, ನಿಜ. ಆದರೆ ಸತ್ತ ಚಿಕ್ಕಪ್ಪ ಒಂದು ಕ್ಲಿಕ್‌ನಲ್ಲಿ ಎದ್ದು ಕೂತರೆ ಮೇಲೆ ಹೇಳಿದ ಲೆಕ್ಕವೆಲ್ಲ ಪುಸಕ್ಕೆನ್ನುತ್ತದೆ. ಮೊದಲ ಸಲ ಹಿಂದಿರುಗದೆ ಆಡಿ. ಆಗದಿದ್ದರೆ ಈಸಿ ಮೋಡ್ ಇದೆ, ದಿನಕ್ಕೆ 20 ಕ್ರೆಡಿಟ್ ಹೆಚ್ಚುವರಿ ಸಿಗುತ್ತದೆ; ಮರಳಿ ಮರಳಿ ಸೇವ್ ತೆರೆಯುವುದಕ್ಕಿಂತ ಅದು ವಾಸಿ.

ಶಸ್ತ್ರ ಬಚ್ಚಿಟ್ಟವರ ಮೈ ಸ್ಕ್ಯಾನ್ ಮಾಡುವ ಚಿತ್ರಗಳಲ್ಲಿ ನಗ್ನತೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮುಚ್ಚಬಹುದು. 2014ರ ಡಿಸೆಂಬರ್‌ನಲ್ಲಿ ಐಪ್ಯಾಡ್ ಆವೃತ್ತಿ ಬಂದಾಗ ಆಪಲ್ ಈ ನಗ್ನತೆಯನ್ನು ಅಶ್ಲೀಲವೆಂದು ತೆಗೆಸಿ, ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿ ಮತ್ತೆ ಒಳಬಿಟ್ಟಿತು. ಆಪ್ ಸ್ಟೋರ್‌ನ ಬಾಗಿಲಲ್ಲೂ ಗುಮಾಸ್ತರಿದ್ದಾರೆ.

2022ರಲ್ಲಿ ಫೋನಿಗೂ ಬಂದಿದೆ, ಉದ್ದ ಪರದೆಗೆ ತಕ್ಕಂತೆ ವಿನ್ಯಾಸ ಬದಲಿಸಿದ್ದಾರೆ, ಕೆಲಸ ಸಾಗುತ್ತದೆ. ಆದರೂ ಮೌಸ್ ಇರುವ ಕಂಪ್ಯೂಟರ್‌ನಲ್ಲೇ ಆಡುವುದು ಒಳ್ಳೆಯದು, ಮೇಜಿನ ಇಕ್ಕಟ್ಟು ಪೂರ್ತಿ ಸಿಗುವುದು ಅಲ್ಲಿಯೇ. ಬೂತ್‌ನ ಸುಧಾರಣೆಗಳಲ್ಲಿ ಟ್ಯಾಬ್ ಕೀಯಿಂದ ಠಸ್ಸೆ ಹೊರತೆಗೆಯುವ ಸೌಲಭ್ಯವನ್ನು ಮೊದಲು ಕೊಳ್ಳಿ. ಒಂದು ಹೊತ್ತಿನ ಊಟ ತಪ್ಪಿದರೂ ಅದು ಬೇಗ ದುಡಿದುಕೊಡುತ್ತದೆ.