ಹ್ಯಾಂಡಲ್‌ಬಾರ್ ಬದಲಿಸಿ ಎರಡು ವರ್ಷ: ಎತ್ತರಕ್ಕಿಂತ ಹಿಂಬಾಗು ಮುಖ್ಯ

ಬೈಕ್ ಓಡಿಸಿ ಒಂದು ಗಂಟೆಯಾಗುವಷ್ಟರಲ್ಲಿ ಅಂಗೈ ಉರಿಯುತ್ತದೆ, ಕಿರುಬೆರಳು ಉಂಗುರಬೆರಳು ಜುಮ್ಮೆನ್ನುತ್ತವೆ, ಕುತ್ತಿಗೆಯ ಬುಡ ಬಿಗಿಯುತ್ತದೆ. ಇದಕ್ಕೆ ಎಲ್ಲರೂ ಕೊಡುವ ಸಲಹೆ ‘ಹ್ಯಾಂಡಲ್ ಎತ್ತರ ಮಾಡಿಸಿ’ ಎಂದು. ಆ ಸಲಹೆ ಅರ್ಧ ಮಾತ್ರ ಸರಿ. ಕಂಪನಿಯ ಹ್ಯಾಂಡಲ್‌ಗಿಂತ 40 ಮಿ.ಮೀ. ಎತ್ತರವೂ 35 ಮಿ.ಮೀ. ಹೆಚ್ಚು ಹಿಂಬಾಗೂ (ಗ್ರಿಪ್‌ಗಳು ಸವಾರನ ಕಡೆಗೆ ಬಾಗಿ ಬಂದಿರುವ ಅಳತೆ) ಇರುವ ಅಲ್ಯೂಮಿನಿಯಂ ಹ್ಯಾಂಡಲ್ ಒಂದರ ಎರಡು ವರ್ಷದ ಬಳಕೆಯ ಮೇಲೆ ಬರೆದ ವಿಮರ್ಶೆ ಇದು. ಮೈಗೆ ಸಿಕ್ಕ ಸುಖದಲ್ಲಿ ಹೆಚ್ಚಿನ ಪಾಲು ಆ 35 ಮಿ.ಮೀ.ಯದು. ಇನ್ನು ಬದಲಿಸುವ ಕೆಲಸದ ಕಷ್ಟವೆಲ್ಲ ಇರುವುದು ಹ್ಯಾಂಡಲ್‌ಗೆ ಜೋತುಬಿದ್ದ ಕೇಬಲ್ಲುಗಳಲ್ಲಿ.

ಹಿಂಬಾಗು ಏಕೆ ಅಷ್ಟು ಮುಖ್ಯ? ಗ್ರಿಪ್ ದೂರವಿದ್ದರೆ ಮೊಣಕೈ ನೆಟ್ಟಗಾಗಿ ಸೆಟೆದುಕೊಳ್ಳುತ್ತದೆ. ಆಗ ಎದೆ, ತಲೆ, ಹೆಲ್ಮೆಟ್ ಎಲ್ಲದರ ಭಾರ ಕಂಬದ ಮೇಲೆ ಇಳಿದಂತೆ ನೇರ ಅಂಗೈಗೆ ಇಳಿಯುತ್ತದೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ, ಅಲ್ನಾರ್ ನರ ಚರ್ಮಕ್ಕೆ ಹತ್ತಿರವೇ ಹಾದುಹೋಗುತ್ತದೆ. ಅದು ಅಮುಕಿದರೆ ಕೊನೆಯ ಎರಡು ಬೆರಳು ಮರಗಟ್ಟುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತಿದ್ದರೆ ಕಾರಣ ಬೇರೆ: ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮಡಚಿದೆ, ಮೀಡಿಯನ್ ನರ ಒತ್ತಿಕೊಂಡಿದೆ. ಹೀಗೆ ಯಾವ ಬೆರಳು ಎಂಬುದನ್ನು ನೋಡಿಯೇ ಯಾವ ಅಳತೆ ತಪ್ಪಿದೆ ಎಂದು ಊಹಿಸಬಹುದು. ಮೊದಲನೆಯದಕ್ಕೆ ಗ್ರಿಪ್ ಹತ್ತಿರ ಬರಬೇಕು. ಎರಡನೆಯದು ಎಷ್ಟೋ ಸಲ ಲಿವರ್‌ಗಳ ಕೋನ ತಿರುಗಿಸಿದರೇ ಸರಿಹೋಗುತ್ತದೆ, ಹೊಸ ಹ್ಯಾಂಡಲ್ ಬೇಕಾಗುವುದೇ ಇಲ್ಲ. ಸೀಟಿನ ಮೇಲೆ ಕೂತು ಬೆರಳು ಚಾಚಿದಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆಯಾಗಿ ಲಿವರ್ ಮೇಲೆ ಬೀಳಬೇಕು. ಹಣ ಖರ್ಚು ಮಾಡುವ ಮೊದಲು ಇದನ್ನು ಸರಿಮಾಡಿ ಒಂದು ವಾರ ಓಡಿಸಿ ನೋಡುವುದು ಒಳ್ಳೆಯದು.

ಹಾಗೆಂದು ಪೂರ್ತಿ ನೆಟ್ಟಗೆ ಕೂರುವುದು ಸುಖ ಎಂದುಕೊಂಡರೆ ಅದೂ ತಪ್ಪು. ಮೈ ಸ್ವಲ್ಪ ಮುಂದಕ್ಕೆ ವಾಲಿದ್ದರೆ ಗುಂಡಿಯ ಹೊಡೆತವನ್ನು ಸೊಂಟ ಮಡಚಿಕೊಂಡು ತಡೆಯುತ್ತದೆ. ಬೆನ್ನು ಲಂಬವಾಗಿ ನಿಂತರೆ ಅದೇ ಹೊಡೆತ ಬಾಲಮೂಳೆಯಿಂದ ನೇರ ಕುತ್ತಿಗೆಗೆ ಏರುತ್ತದೆ. ವೇಗ ಹೆಚ್ಚಿದಾಗ ಗಾಳಿ ಎದೆಗೆ ಬಡಿಯುವುದೂ ಜಾಸ್ತಿ. ಭಾರ ಹೊರುವುದು ತಪ್ಪಿದ ಕೈ ಈಗ ಮೈಯನ್ನು ಮುಂದಕ್ಕೆ ಎಳೆದು ಹಿಡಿಯಬೇಕಾಗುತ್ತದೆ. 40 ಮಿ.ಮೀ. ಎತ್ತರದ ಬಗ್ಗೆ ಇರುವ ಮುಖ್ಯ ದೂರು ಇದೇ. 60–70 ಕಿ.ಮೀ. ವೇಗದಲ್ಲಿ ಏನೂ ತೊಂದರೆಯಿಲ್ಲ, 100 ದಾಟಿದರೆ ಹೆಗಲಿಗೆ ಗೊತ್ತಾಗುತ್ತದೆ. ವಿಂಡ್‌ಶೀಲ್ಡ್ ಇರುವ ಬೈಕಿನಲ್ಲಿ ಇನ್ನೊಂದು ತೊಡಕು: ತಲೆ ಮೇಲೇರುವುದರಿಂದ, ಮೊದಲು ಎದೆಗೆ ಬೀಳುತ್ತಿದ್ದ ಗಾಳಿಯ ಅಂಚು ಈಗ ಹೆಲ್ಮೆಟ್‌ಗೆ ಬಡಿದು ಗಡಗಡ ಅಲುಗಾಡಿಸುತ್ತದೆ. ಮತ್ತೆ ಆರಿಸುವುದಾದರೆ ಎತ್ತರ 25 ಮಿ.ಮೀ. ಸಾಕು, ಹಿಂಬಾಗು ಮಾತ್ರ ಇಷ್ಟೇ ಇರಲಿ.

ರೈಸರ್ (ಹ್ಯಾಂಡಲ್ ಅಡಿಗೆ ಇಟ್ಟು ಅದನ್ನು ಎತ್ತರಿಸುವ ತುಂಡು) ಹಾಕಿದರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಲೆಕ್ಕ ತಿಳಿದಿರಬೇಕು. ರೈಸರ್ ಹ್ಯಾಂಡಲನ್ನು ನೆಟ್ಟಗೆ ಮೇಲಕ್ಕೆತ್ತುವುದಿಲ್ಲ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಓರೆಯ ಗುಂಟ ಎತ್ತುತ್ತದೆ. ಓರೆ 25 ಡಿಗ್ರಿ ಇದ್ದರೆ 30 ಮಿ.ಮೀ. ರೈಸರ್‌ನಿಂದ ಸಿಗುವುದು ಸುಮಾರು 27 ಮಿ.ಮೀ. ಎತ್ತರ, 13 ಮಿ.ಮೀ. ಹಿಂದಕ್ಕೆ. ಕಂಪನಿ ಹ್ಯಾಂಡಲ್‌ನ ಬಾಗು ಕೈಗೆ ಒಗ್ಗಿದ್ದು ದೂರ ಮಾತ್ರ ಕೊಂಚ ಹೆಚ್ಚಿದ್ದರೆ ರೈಸರೇ ಒಳ್ಳೆಯ ದಾರಿ, ಸ್ವಿಚ್ಚು ಗ್ರಿಪ್ಪು ಯಾವುದನ್ನೂ ಬಿಚ್ಚಬೇಕಿಲ್ಲ. ಮಣಿಕಟ್ಟಿನ ಕೋನವೇ ಸರಿಯಿಲ್ಲದಿದ್ದರೆ ರೈಸರ್ ಅದನ್ನು ಬದಲಿಸದು.

ಕೊಳ್ಳುವಾಗ ನಾಲ್ಕು ಅಳತೆ ಬೇಕು: ಹ್ಯಾಂಡಲನ್ನು ಬೈಕಿಗೆ ಬಿಗಿದಿಡುವ ಕ್ಲ್ಯಾಂಪ್ ಹಿಡಿಯುವ ಜಾಗದ ದಪ್ಪ, ಒಟ್ಟು ಅಗಲ, ಎತ್ತರ, ಹಿಂಬಾಗು. ದಪ್ಪ ಹೆಚ್ಚಿನ ಬೈಕುಗಳಲ್ಲಿ 22.2 ಮಿ.ಮೀ.; ನಡುವೆ ದಪ್ಪವಾಗಿ ತುದಿಗೆ ತೆಳುವಾಗುವ ಬಗೆಯಲ್ಲಿ 28.6, ಕೆಲವು ಕ್ರೂಸರ್‌ಗಳಲ್ಲಿ 25.4. ಇದು ಹೊಂದಲೇಬೇಕು, ತಗಡು ಸುತ್ತಿ ಹೊಂದಿಸುವ ಮಾತೇ ಇಲ್ಲ. ಎತ್ತರವನ್ನು ಕೆಲವು ತಯಾರಕರು ಗ್ರಿಪ್‌ನ ತುದಿಯವರೆಗೆ ಅಳೆಯುತ್ತಾರೆ, ಕೆಲವರು ಬಾಗಿನ ನೆತ್ತಿಯವರೆಗೆ. ಹಾಗಾಗಿ ಹಳೆಯ ಹ್ಯಾಂಡಲನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಅದೇ ರೀತಿಯಲ್ಲಿ ನೀವೇ ಅಳೆದು ಹೋಲಿಸಿ. ಅಗಲ ಹೆಚ್ಚಾದರೆ ತಿರುಗಿಸಲು ಹಗುರ. ಆದರೆ ಮೊಣಕೈ ಹೊರಗೆ ಹರಡಿಕೊಂಡು ಹೆಗಲು ಸೋಲುತ್ತದೆ, ಮಿರರ್‌ಗಳು ಸಂದಿಗಳಲ್ಲಿ ತಾಗುತ್ತವೆ. ತುದಿ ಕತ್ತರಿಸಬಹುದು. ಪೈಪಿಗೆ ಹೋಸ್ ಕ್ಲಿಪ್ ಬಿಗಿದು ಅದರ ಅಂಚಿಗೆ ಗರಗಸ ಹಿಡಿದರೆ ಕತ್ತರಿಸಿದ ಅಂಚು ಸೊಟ್ಟಗಾಗುವುದಿಲ್ಲ. ಎರಡೂ ಬದಿ ಸಮನಾಗಿ, ಒಂದು ಸಲಕ್ಕೆ 10 ಮಿ.ಮೀ. ಮೀರದಂತೆ ಕತ್ತರಿಸಿ.

ಈಗ ಕೇಬಲ್ಲುಗಳ ವಿಷಯ. ಹ್ಯಾಂಡಲ್ ಕೊಳ್ಳುವ ಮೊದಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಇದನ್ನು ಬಿಡಲೇಬಾರದು. ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹಾಸಿ, ಕ್ಲ್ಯಾಂಪ್ ಬೋಲ್ಟ್ ತೆಗೆದು, ಹ್ಯಾಂಡಲ್ ಕೆಳಗೆ ಬೇಕಾದ ಎತ್ತರದ ಮರದ ತುಂಡು ಇಟ್ಟು, ಅಷ್ಟೇ ಹಿಂದಕ್ಕೆ ಎಳೆದು ಕಟ್ಟಿ. ಮುಂದಿನ ಚಕ್ರವನ್ನು ಎಡಕ್ಕೆ ಕೊನೆ ಮುಟ್ಟುವವರೆಗೂ ಬಲಕ್ಕೆ ಕೊನೆ ಮುಟ್ಟುವವರೆಗೂ ತಿರುಗಿಸಿ. ಕ್ಲಚ್ ಕೇಬಲ್, ಆಕ್ಸಿಲರೇಟರ್‌ನ ಎರಡು ಕೇಬಲ್, ಬ್ರೇಕ್ ಹೋಸ್, ಎರಡೂ ಸ್ವಿಚ್ಚಿನ ವೈರು, ಒಂದೊಂದನ್ನೂ ಬೆರಳಿಂದ ಮೀಟಿ ನೋಡಿ. ವೀಣೆಯ ತಂತಿಯಂತೆ ಬಿಗಿದಿದ್ದರೆ ಅದು ಸಾಲದು. ಕೈಯಲ್ಲಿ ಸ್ವಲ್ಪವಾದರೂ ಆಡಬೇಕು. ಎಷ್ಟೋ ಬೈಕುಗಳಲ್ಲಿ ಹೆಡ್‌ಲೈಟ್ ಹಿಂದಿನ ಕ್ಲಿಪ್ಪಿನಿಂದ ಕೇಬಲ್ ಬಿಡಿಸಿ ದಾರಿ ಬದಲಿಸಿದರೆ 20–30 ಮಿ.ಮೀ. ಉದ್ದ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಅದೇ ಎಂಜಿನ್ನಿನ, ಎತ್ತರ ಹ್ಯಾಂಡಲ್ ಇರುವ ಇನ್ನೊಂದು ಮಾದರಿಯ ಕೇಬಲ್ ವಿಚಾರಿಸಿ. ಎರಡು ತುದಿಯ ಕೊಂಡಿಗಳು ಒಂದೇ ಇದ್ದರೆ ಹಾಗೇ ಕೂರುತ್ತದೆ.

ಬ್ರೇಕ್ ಹೋಸ್ ಬಿಗಿಯಾಗಿದ್ದರೆ ರಾಜಿ ಬೇಡ, ಉದ್ದದ್ದು ಹಾಕಿಸಿ. ಹೋಸ್ ಬಿಚ್ಚಿದರೆ ಅದರ ತುದಿಯನ್ನು ಬಿಗಿದಿಡುವ ಬ್ಯಾಂಜೊ ಬೋಲ್ಟಿನ ಎರಡೂ ಬದಿಯ ವಾಷರ್ ಹೊಸದಿರಬೇಕು. ಒಮ್ಮೆ ಅಪ್ಪಚ್ಚಿಯಾದ ತಾಮ್ರದ ವಾಷರ್ ಮತ್ತೆ ಸೋರದಂತೆ ಕೂರುವ ಭರವಸೆಯಿಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲ್ಲನ್ನೇ, ಸಾಮಾನ್ಯವಾಗಿ ಡಾಟ್ 4, ಹಾಕಿ ಗಾಳಿ ತೆಗೆಯಬೇಕು. ಟ್ಯಾಂಕಿನ ಬಣ್ಣಕ್ಕೆ ಈ ಆಯಿಲ್ ತಾಗಿದರೆ ಬಣ್ಣವೇ ಕಿತ್ತುಬರುತ್ತದೆ, ಒರೆಸಿದರೆ ಸಾಲದು, ಕೂಡಲೇ ನೀರಿನಿಂದ ತೊಳೆಯಿರಿ. ಹೋಸ್ ಬಿಚ್ಚದೆ ಮಾಸ್ಟರ್ ಸಿಲಿಂಡರನ್ನು (ಬ್ರೇಕ್ ಲಿವರ್ ಬಳಿ ಆಯಿಲ್ ಡಬ್ಬಿ ಇರುವ ಭಾಗ) ಬದಿಗಿಡುವಾಗಲೂ ಅದರ ಡಬ್ಬಿ ನೆಟ್ಟಗೇ ಇರಬೇಕು. ತಲೆಕೆಳಗಾಗಿ ನೇತುಬಿಟ್ಟರೆ ಗಾಳಿ ಒಳಗೆ ಸೇರಿ ಲಿವರ್ ಮೆತ್ತಗಾಗುತ್ತದೆ.

ಬಿಚ್ಚುವ ಕ್ರಮ ಸರಳ: ಮಿರರ್, ಬಾರ್ ಎಂಡ್ (ಹ್ಯಾಂಡಲ್ ತುದಿಯ ತೂಕ), ಗ್ರಿಪ್, ಸ್ವಿಚ್ಚು, ಲಿವರ್, ಕೊನೆಗೆ ಕ್ಲ್ಯಾಂಪ್. ಎಡಗಡೆಯ ಗ್ರಿಪ್ ಅಂಟಿರುತ್ತದೆ. ಅದರಡಿಗೆ ಮೊಂಡು ಸ್ಕ್ರೂಡ್ರೈವರ್ ತೂರಿಸಿ ಸ್ಪಿರಿಟ್ ಬಿಟ್ಟರೆ ತಿರುಗಿಸಿ ಎಳೆಯಬಹುದು. ಸ್ಪಿರಿಟ್ ಆರಿಹೋಗುತ್ತದೆ. ಎಣ್ಣೆ ಬಿಡಬೇಡಿ, ಉಳಿದುಕೊಂಡರೆ ಓಡಿಸುವಾಗ ಗ್ರಿಪ್ ಕೈಯಲ್ಲೇ ಸುತ್ತುತ್ತದೆ.

ಹೊಸ ಹ್ಯಾಂಡಲ್ ಕೂರಿಸುವಾಗ ಕ್ಲ್ಯಾಂಪಿನ ಒಳಮೈ, ಹ್ಯಾಂಡಲ್‌ನಲ್ಲಿ ಹಿಡಿತಕ್ಕೆಂದು ಒರಟು ಮಾಡಿದ ಜಾಗ ಎರಡನ್ನೂ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ. ಕ್ಲ್ಯಾಂಪಿನ ಮುಚ್ಚಳದ ಮೇಲೆ ಚುಕ್ಕಿ ಗುರುತು ಇದ್ದರೆ ಅದು ಸಾಮಾನ್ಯವಾಗಿ ಮುಂದಕ್ಕೆ ಬರಬೇಕು. ಅಂಥವುಗಳಲ್ಲಿ ಮುಂದಿನ ಬೋಲ್ಟ್ ಪೂರ್ತಿ ಬಿಗಿದು ಆಮೇಲೆ ಹಿಂದಿನದನ್ನು ಬಿಗಿಯುವುದು, ಸಂದು ಹಿಂದುಗಡೆ ಮಾತ್ರ ಉಳಿಯುತ್ತದೆ. ಗುರುತಿಲ್ಲದ ಕೆಲವು ಬಗೆಗಳಲ್ಲಿ ಎರಡೂ ಕಡೆ ಸಮನಾದ ಸಂದು ಬಿಡಬೇಕು. ಮ್ಯಾನುಯಲ್ ನೋಡಿಯೇ ಮಾಡಿ. ಎಂ8 (8 ಮಿ.ಮೀ. ದಪ್ಪದ) ಬೋಲ್ಟುಗಳಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಬಿಗಿತ ಹೇಳಿರುತ್ತಾರೆ. ‘ಇನ್ನೊಂದು ಸುತ್ತು ಇರಲಿ’ ಎಂದು ಬಿಗಿದರೆ ಮುಚ್ಚಳ ಸೀಳುತ್ತದೆ, ಇಲ್ಲವೇ ಅಲ್ಯೂಮಿನಿಯಂನಲ್ಲಿ ಬೋಲ್ಟ್ ಕೂರುವ ಥ್ರೆಡ್ ಕಿತ್ತುಬರುತ್ತದೆ.

ಹ್ಯಾಂಡಲ್‌ನ ಏರುಭಾಗ ಫೋರ್ಕಿಗೆ ಸಮಾನಾಂತರವಾಗಿ ನಿಲ್ಲುವಂತೆ ಶುರುಮಾಡಿ, ಅಲ್ಲಿಂದ ತುಸು ತುಸುವೇ ತಿರುಗಿಸಿ ನೋಡಿ. ಹೆಚ್ಚು ಹಿಂದಕ್ಕೆ ಉರುಳಿಸಿದರೆ ಗ್ರಿಪ್‌ನ ತುದಿ ಕೆಳಗಿಳಿದು ಮಣಿಕಟ್ಟು ಹೊರಕ್ಕೆ ತಿರುಚುತ್ತದೆ, ಹತ್ತಿರ ಬಂದ ಲಾಭವೆಲ್ಲ ಹೋಯಿತು. ಎರಡೂ ಕೊನೆಗೆ ತಿರುಗಿಸಿದಾಗ ಲಿವರ್, ಸ್ವಿಚ್ಚು ಯಾವುದೂ ಟ್ಯಾಂಕಿಗೆ ತಾಗಬಾರದು, ಹೆಬ್ಬೆರಳು ನಡುವೆ ಸಿಕ್ಕಿಕೊಳ್ಳಬಾರದು.

ಸ್ವಿಚ್ಚಿನ ಒಳಗೆ ಒಂದು ಸಣ್ಣ ಮೊಳೆಯಂಥ ಮುಳ್ಳು ಇರುತ್ತದೆ. ಹಳೆಯ ಹ್ಯಾಂಡಲ್‌ನಲ್ಲಿ ಅದಕ್ಕೊಂದು ತೂತು ಇದೆ, ಹೊಸದರಲ್ಲಿ ಇರುವುದಿಲ್ಲ. ಮುಳ್ಳನ್ನೇ ಕತ್ತರಿಸಿ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಇದು ತಪ್ಪು. ಮುಳ್ಳು ಇಲ್ಲದ ಸ್ವಿಚ್ ಬಾಕ್ಸ್ ಹಿಡಿತ ತಪ್ಪಿದರೆ ಆಕ್ಸಿಲರೇಟರ್ ಜೊತೆಗೇ ತಿರುಗುತ್ತದೆ. ಮುಳ್ಳಿನ ತುದಿಗೆ ಬಣ್ಣ ಹಚ್ಚಿ, ಸ್ವಿಚ್ಚನ್ನು ಸರಿಯಾದ ಜಾಗದಲ್ಲಿ ಒತ್ತಿದರೆ ಗುರುತು ಬೀಳುತ್ತದೆ. ಅಲ್ಲಿ ಪಂಚ್ ಹೊಡೆದು, ಮುಳ್ಳಿಗಿಂತ ಅರ್ಧ ಮಿ.ಮೀ. ದೊಡ್ಡ ಬಿಟ್‌ನಿಂದ ಪೈಪಿನ ಒಂದೇ ಗೋಡೆಗೆ ತೂತು ಕೊರೆಯಿರಿ, ಆಚೆ ಬದಿಗೆ ಹೋಗಬಾರದು. ಅಂಚನ್ನು ಉಜ್ಜಿ ನುಣುಪು ಮಾಡಿ. ಅಗಲ ಕತ್ತರಿಸುವುದು, ಕೋನ ಹೊಂದಿಸುವುದು ಎಲ್ಲ ಮುಗಿದ ಮೇಲೆ ಮಾತ್ರ ಈ ಕೆಲಸ. ಕೊರೆದ ತೂತು ಜರುಗುವುದಿಲ್ಲ.

ಬಾರ್ ಎಂಡ್ ತೂಕಗಳನ್ನು ಅಲಂಕಾರವೆಂದು ಬಿಡುವವರು ಬಹಳ. ತುದಿಯಲ್ಲಿ ತೂಕ ಇದ್ದರೆ ಹ್ಯಾಂಡಲ್‌ನ ಸ್ವಾಭಾವಿಕ ಕಂಪನ ಕೆಳಗಿಳಿದು, ದಿನಬಳಕೆಯ ಆರ್‌ಪಿಎಂನಲ್ಲಿ ಎಂಜಿನ್ ಅದುರುವುದಕ್ಕೆ ಹೊಂದದೆ ದೂರ ಉಳಿಯುತ್ತದೆ. ತೆಗೆದು ಓಡಿಸಿದರೆ ಬೆರಳು ಮತ್ತೆ ಮರಗಟ್ಟುತ್ತದೆ, ಆಗ ತಪ್ಪು ಹೊಸ ಹ್ಯಾಂಡಲ್‌ನ ತಲೆಗೆ ಬರುತ್ತದೆ. ಇಲ್ಲಿ ಒಂದು ಎಚ್ಚರ: ಉಕ್ಕಿನ ಪೈಪಿನ ಒಳಗಿನ ತೂತು ಸಾಮಾನ್ಯವಾಗಿ 17–18 ಮಿ.ಮೀ. ಇದ್ದರೆ, ದಪ್ಪ ಗೋಡೆಯ ಅಲ್ಯೂಮಿನಿಯಂನಲ್ಲಿ 14ರ ಆಸುಪಾಸು. ಹಳೆಯ ತೂಕದ ಹಿಗ್ಗುವ ರಬ್ಬರ್ ಒಳಗೆ ಹೋಗುವುದಿಲ್ಲ. 14ಕ್ಕೆ ಕೂರುವ ಅಡಾಪ್ಟರ್ ಹ್ಯಾಂಡಲ್ ಜೊತೆಗೇ ತರಿಸಿಕೊಳ್ಳಿ. ಬಲಗಡೆ ತೂಕ ಬಿಗಿದ ಮೇಲೆ ಗ್ರಿಪ್‌ಗೂ ಅದಕ್ಕೂ ನಡುವೆ 1–2 ಮಿ.ಮೀ. ಬೆಳಕು ಕಾಣಬೇಕು. ತಾಗಿಕೊಂಡಿದ್ದರೆ ಆಕ್ಸಿಲರೇಟರ್ ತಿರುಗಿಸಿ ಬಿಟ್ಟಾಗ ಹಿಂದಕ್ಕೆ ಬರುವುದು ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಪೂರ್ತಿ ತಿರುಗಿಸಿ ಕೈ ಬಿಟ್ಟರೆ ‘ಟಪ್’ ಎಂದು ತಾನಾಗಿ ಮುಚ್ಚಿಕೊಳ್ಳಬೇಕು, ಹ್ಯಾಂಡಲ್ ನೆಟ್ಟಗಿದ್ದಾಗಲೂ ಎರಡೂ ಕೊನೆಯಲ್ಲಿದ್ದಾಗಲೂ.

ರಸ್ತೆಗಿಳಿಯುವ ಮೊದಲಿನ ಕೊನೆಯ ಪರೀಕ್ಷೆ: ಬಯಲಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಕೊನೆಯಿಂದ ಕೊನೆಗೆ ನಿಧಾನವಾಗಿ ತಿರುಗಿಸಿ. ಐಡಲ್ (ಆಕ್ಸಿಲರೇಟರ್ ಕೊಡದಿರುವಾಗಿನ) ಸದ್ದು ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಯೂ ಟರ್ನ್ ತೆಗೆಯುವಾಗ ಗಾಡಿ ತಾನಾಗಿ ಮುಂದಕ್ಕೆ ಹಾರುತ್ತದೆ, ಹಾಗೇ ಓಡಿಸಬೇಡಿ. ಆಕ್ಸಿಲರೇಟರ್‌ಗೆ 2–5 ಮಿ.ಮೀ., ಕ್ಲಚ್ ಲಿವರ್ ತುದಿಯಲ್ಲಿ 10–15 ಮಿ.ಮೀ. ಸಡಿಲ ಇರಬೇಕು. ಕ್ಲಚ್‌ನ ಸಡಿಲವೂ ತಿರುಗಿಸಿದಾಗ ಕಡಿಮೆಯಾಗಬಾರದು. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಈ ತಲೆನೋವು ಇಲ್ಲ, ಆದರೆ ಗ್ರಿಪ್‌ನಿಂದ ಹೋಗುವ ವೈರಿನ ಉದ್ದವನ್ನು ಅಷ್ಟೇ ಶ್ರದ್ಧೆಯಿಂದ ನೋಡಬೇಕು.

ಎರಡು ವರ್ಷದಲ್ಲಿ ಸವೆದದ್ದು ಏನು? ಹ್ಯಾಂಡಲ್ ಅಲ್ಲಾಡಿಲ್ಲ; ಮೊದಲ 100 ಕಿ.ಮೀ.ಗೊಮ್ಮೆ, ಆಮೇಲೆ ಪ್ರತಿ ಸರ್ವೀಸಿಗೊಮ್ಮೆ ಬೋಲ್ಟಿನ ಬಿಗಿತ ನೋಡಿದರೆ ಸಾಕು. ತೊಂದರೆ ಕೊಟ್ಟದ್ದು ಕ್ಲಚ್ ಕೇಬಲ್. ಹಳೆಯ ಕೇಬಲನ್ನೇ ದಾರಿ ಬದಲಿಸಿ ಹೊಂದಿಸಿದ್ದರಿಂದ ಲಿವರ್ ಬಳಿ ಅದರ ಬಾಗು ಚೂಪಾಯಿತು, ಲಿವರ್ ಕ್ರಮೇಣ ಭಾರವಾಯಿತು, ಕೊನೆಗೆ ಕೇಬಲ್ ತುದಿಯ ಲೋಹದ ಗುಂಡಿನ ಪಕ್ಕದಲ್ಲೇ ಎಳೆಗಳು ಒಂದೊಂದಾಗಿ ಕಿತ್ತು ಹೂವಿನಂತೆ ಬಿಚ್ಚಿಕೊಂಡವು. ಒಂದು ಎಳೆ ಕಿತ್ತದ್ದು ಕಂಡರೂ ಕೇಬಲ್ ಬದಲಿಸಿ. ಮೊದಲೇ 50 ಮಿ.ಮೀ. ಉದ್ದದ್ದು ಹಾಕಿದ್ದರೆ ಇದು ಆಗುತ್ತಿರಲಿಲ್ಲ. ವೈರುಗಳಲ್ಲೂ ಇದೇ ಬಗೆಯ ಸವೆತ ಬರುತ್ತದೆ: ಫೋರ್ಕಿನ ನೆತ್ತಿಯ ಬಳಿ ಪ್ಲಾಸ್ಟಿಕ್ ಟೈ ಬಿಗಿಯಾಗಿ ಹಾಕಿದ್ದರೆ, ಪ್ರತಿ ತಿರುವಿನಲ್ಲೂ ಅದೇ ಜಾಗದಲ್ಲಿ ಮಡಚಿ ಒಳಗಿನ ತಾಮ್ರ ಮುರಿಯುತ್ತದೆ. ಹೊರಗಿನ ಪದರ ಚೆನ್ನಾಗೇ ಇರುತ್ತದೆ, ಹಾರ್ನ್ ಮಾತ್ರ ಎಡಕ್ಕೆ ತಿರುಗಿದಾಗ ಕೆಲಸ ಮಾಡುವುದಿಲ್ಲ. ತಿರುಗುವ ಜಾಗದಲ್ಲಿ ಟೈ ಸಡಿಲವಾಗಿರಲಿ.

ಕ್ಲಿಪ್ ಆನ್ ಹ್ಯಾಂಡಲ್ (ಫೋರ್ಕಿನ ಎರಡು ಕೊಳವೆಗಳಿಗೆ ಬೇರೆ ಬೇರೆಯಾಗಿ ಬಿಗಿದ ಎರಡು ತುಂಡು) ಇರುವ ಸ್ಪೋರ್ಟ್ಸ್ ಬೈಕುಗಳಿಗೆ ಈ ದಾರಿ ಹೊಂದುವುದಿಲ್ಲ, ಫೋರ್ಕಿನ ಎರಡು ಕೊಳವೆಗಳನ್ನು ಮೇಲೆ ಸೇರಿಸಿ ಹಿಡಿಯುವ ಯೋಕ್ ಪ್ಲೇಟನ್ನೇ ಬದಲಿಸಬೇಕಾಗುತ್ತದೆ. ಮಂಡಿ ನೋವಿಗೆ ಹ್ಯಾಂಡಲ್‌ನಿಂದ ಉಪಯೋಗವಿಲ್ಲ, ಅದು ಸೀಟು ಮತ್ತು ಫುಟ್‌ರೆಸ್ಟ್ ನಡುವಿನ ಅಳತೆ. ಇನ್ನು ಗಾಡಿ ಬಿದ್ದು ಅಲ್ಯೂಮಿನಿಯಂ ಹ್ಯಾಂಡಲ್ ಬಾಗಿದರೆ ಅದನ್ನು ನೆಟ್ಟಗೆ ಮಾಡಿಸಲು ಹೋಗಬೇಡಿ. ಬಾಗಿದ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿರಬಹುದು; ಮತ್ತೆ ಬಗ್ಗಿಸಿದರೆ ಅದು ಬೆಳೆದು, ಓಡುತ್ತಿರುವಾಗಲೇ ಕ್ಲ್ಯಾಂಪಿನ ಪಕ್ಕದಲ್ಲಿ ಮುರಿಯಬಹುದು. ಬಿಚ್ಚಿಟ್ಟ ಹಳೆಯ ಉಕ್ಕಿನ ಹ್ಯಾಂಡಲನ್ನೂ ಅದರ ತೂಕಗಳನ್ನೂ ಒಂದೇ ಕಟ್ಟಾಗಿ ಜೋಪಾನವಾಗಿಟ್ಟಿದ್ದರೆ, ಅಂಥ ದಿನ ಹೊಸದು ಬರುವವರೆಗೆ ಗಾಡಿ ನಿಲ್ಲುವುದಿಲ್ಲ.